ಕೊಡಗಿನ ವೈನ್: ಸಿಹಿಯನ್ನು ದಾಟಿ ರುಚಿ ನೋಡಲು ಎರಡು ದಿನ

ಮಡಿಕೇರಿಯ ಯಾವ ಮಸಾಲೆ ಅಂಗಡಿಗೆ ಹೋದರೂ ಏಲಕ್ಕಿ, ಕಾಳುಮೆಣಸು, ಜೇನು, ಕಾಚಂಪುಳಿಯ (ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ) ಪಕ್ಕದಲ್ಲೇ ಒಂದು ಸಾಲು ವೈನ್ ಬಾಟಲಿ ಕಾಣುತ್ತದೆ. ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ಪ್ಯಾಶನ್ ಫ್ರೂಟ್, ಕಿತ್ತಳೆ, ನೇರಳೆ, ಅನಾನಸ್, ವೀಳ್ಯದೆಲೆ, ಅಕ್ಕಿ, ಕಾಫಿ, ಗಾಂಧಾರಿ ಮೆಣಸು, ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಎಂಟು ಹತ್ತು ಬಗೆ ಕುಡಿದು ಹೊರಬಂದವರನ್ನು ಹೇಗಿತ್ತು ಎಂದು ಕೇಳಿ ನೋಡಿ. "ಎಲ್ಲಾ ಸಿಹಿ, ಚೆನ್ನಾಗಿತ್ತು" ಎನ್ನುತ್ತಾರೆ, ಯಾವುದು ಯಾವುದೆಂದು ನೆನಪಿರುವುದಿಲ್ಲ. ತಪ್ಪು ನಾಲಿಗೆಯದ್ದಲ್ಲ. ಕೊಡಗಿನ ಮನೆ ವೈನ್‌ನಲ್ಲಿ ಸಕ್ಕರೆ ಎಷ್ಟಿರುತ್ತದೆಂದರೆ ಹಣ್ಣಿನ ಗುಣವೂ ಮಾಡಿದವರ ದೋಷವೂ ಅದರ ಅಡಿಯಲ್ಲಿ ಮುಚ್ಚಿಹೋಗುತ್ತವೆ. ವಾರಾಂತ್ಯಕ್ಕೆಂದು ಹೊರಡುವವರು ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಪ್ರವಾಸದ ರೂಪವೇ ಬೇರೆಯಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಂದಿ ಬೆಟ್ಟದ ಸುತ್ತ ಇರುವಂಥ ದ್ರಾಕ್ಷಿ ಸಾಲು, ಓಕ್ ಪೀಪಾಯಿ ಜೋಡಿಸಿದ ನೆಲಮಾಳಿಗೆ ಹುಡುಕಿಕೊಂಡು ಕೊಡಗಿಗೆ ಬರಬೇಡಿ. ವೈನ್ ದ್ರಾಕ್ಷಿಗೆ ಕಾಯಿ ಹಣ್ಣಾಗುವ ಹೊತ್ತಿಗೆ ಒಣ ಹವೆ ಬೇಕು, ಬಳ್ಳಿಗೆ ಗಾಳಿ ಆಡಬೇಕು. ಕೊಡಗಿನ ಪಶ್ಚಿಮ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆ ಒಣಗುವುದೇ ಅಪರೂಪ. ಅಂಥ ತೇವದಲ್ಲಿ ಬೂಜುರೋಗ ಬಳ್ಳಿಯನ್ನು ಬಿಡುವುದಿಲ್ಲ. ಹಾಗಾಗಿ ಇಲ್ಲಿ ಸಿಗುವ ದ್ರಾಕ್ಷಿ ವೈನ್‌ನ ದ್ರಾಕ್ಷಿ ಬಯಲುಸೀಮೆಯಿಂದ ಬಂದದ್ದು, ಹೆಚ್ಚಾಗಿ ಬೆಂಗಳೂರು ಬ್ಲೂ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ, ಕೈಗೆತ್ತಿಕೊಂಡರೆ ಘಮ್ಮೆನ್ನುವ ಕಪ್ಪು ದ್ರಾಕ್ಷಿ ಅದು. ಕೊಡಗಿನದೇ ಎನ್ನಬಹುದಾದ ವೈನ್ ಬೇಕಿದ್ದರೆ ದ್ರಾಕ್ಷಿ ಬಿಟ್ಟು ತೋಟದ ಹಣ್ಣಿನ ಕಡೆ ತಿರುಗಬೇಕು: ಕಿತ್ತಳೆ, ಪ್ಯಾಶನ್ ಫ್ರೂಟ್, ನೆಲ್ಲಿ, ನೇರಳೆ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ಬಂದ 'ಕಾವೇರಿ' ಎಂಬ ಪ್ಯಾಶನ್ ಫ್ರೂಟ್ ತಳಿಯೇ ಇದೆ, ನೇರಳೆ ಮತ್ತು ಹಳದಿ ಬಗೆಗಳ ಮಿಶ್ರಣ.

ಸಕ್ಕರೆಯ ಲೆಕ್ಕ

ಮನೆಗಳಲ್ಲಿ ನಡೆದುಬಂದ ಅಳತೆ ಸರಳ. ಒಂದು ಕೆಜಿ ಹಣ್ಣು, ಒಂದು ಕೆಜಿ ಸಕ್ಕರೆ, ಒಂದೂವರೆ ಲೀಟರ್ ಕುದಿಸಿ ಆರಿಸಿದ ನೀರು, ಒಂದು ಚಮಚ ಯೀಸ್ಟ್, ಒಂದು ಹಿಡಿ ಗೋಧಿ, ನಾಲ್ಕು ಲವಂಗ, ಒಂದು ತುಂಡು ಚಕ್ಕೆ. ಚೀನಾ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮರದ ಸೌಟಿನಲ್ಲಿ ಕಲಕಿ, 21ನೇ ದಿನಕ್ಕೆ ಸೋಸಿ, ಮತ್ತೆ 20 ದಿನ ಅಲುಗಾಡಿಸದೆ ಇಟ್ಟರೆ ವೈನ್ ಸಿದ್ಧ.

ಈಗ ಲೆಕ್ಕ ಹಾಕಿ. ದ್ರಾಕ್ಷಿಯಾದರೆ ಹಣ್ಣಿನೊಳಗೇ ಸುಮಾರು 160 ಗ್ರಾಂ ಸಕ್ಕರೆ ಇರುತ್ತದೆ. ಹಾಕಿದ ಒಂದು ಕೆಜಿ ಸೇರಿದರೆ 1,160 ಗ್ರಾಂ. ಎಲ್ಲ ಕರಗಿದ ಮೇಲೆ ಒಟ್ಟು ಗಾತ್ರ ಮೂರು ಲೀಟರಿಗೆ ತುಸು ಕಡಿಮೆ. ಅಂದರೆ ಲೀಟರಿಗೆ 400 ಗ್ರಾಂ ಹತ್ತಿರ. ಒಂದು ಲೀಟರಿನಲ್ಲಿ 17 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಶೇ. 1ರಷ್ಟು ಆಲ್ಕೋಹಾಲ್ ಬರುತ್ತದೆ. 400 ಗ್ರಾಂ ಪೂರ್ತಿ ಹುದುಗುವಂತಿದ್ದರೆ ಶೇ. 23 ದಾಟಬೇಕಿತ್ತು. ಆದರೆ ಬೇಕರಿ ಯೀಸ್ಟ್ ಶೇ. 12ರ ಆಸುಪಾಸಿನಲ್ಲಿ ಕೈಚೆಲ್ಲುತ್ತದೆ. ಮೊದಲ ದಿನದಿಂದಲೇ ಅಷ್ಟು ದಪ್ಪ ಪಾಕದಲ್ಲಿ ಬಿದ್ದಿರುವುದರಿಂದ ಎಷ್ಟೋ ಸಲ ಅದಕ್ಕೂ ಮೊದಲೇ ನಿಲ್ಲುತ್ತದೆ. ಶೇ. 12 ತಲುಪಿದರೂ ಖರ್ಚಾಗುವುದು 204 ಗ್ರಾಂ ಮಾತ್ರ. ಇನ್ನೊಂದು ಅರ್ಧ, ಲೀಟರಿಗೆ ಸುಮಾರು 200 ಗ್ರಾಂ, ಬಾಟಲಿಯಲ್ಲೇ ಉಳಿಯುತ್ತದೆ. ತಂಪು ಪಾನೀಯದ ಕೋಲಾದಲ್ಲಿ ಇರುವುದು ಲೀಟರಿಗೆ 106 ಗ್ರಾಂ ಅಷ್ಟೆ.

ಈ ಸಿಹಿ ಬರೀ ರುಚಿಗೆಂದು ಬಂದದ್ದಲ್ಲ. ಮಳೆಗಾಲದ ಕೊಡಗಿನಲ್ಲಿ, ಗಂಧಕದ ಉಪ್ಪು ಹಾಕದೆ, ಗಾಳಿಬಿಗಿ ಮುಚ್ಚಳವಿಲ್ಲದೆ ಇಟ್ಟ ಭರಣಿ ಹುಳಿದುಹೋಗದಂತೆ ಕಾಯುವುದು ಆ ಸಕ್ಕರೆಯೇ. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನು ಇಲ್ಲಿ ಸಕ್ಕರೆ ಮಾಡುತ್ತದೆ. ಹೈಡ್ರೋಮೀಟರ್ (ರಸದ ಸಕ್ಕರೆ ಅಳೆಯುವ ತೇಲುಕೊಳವೆ) ಇಟ್ಟುಕೊಂಡು, ಸಕ್ಕರೆಯನ್ನು ಎರಡು ಮೂರು ಕಂತಿನಲ್ಲಿ ಹಾಕಿ, ವೈನ್ ಯೀಸ್ಟ್ ಬಳಸಿ, ಲೀಟರಿಗೆ 0.1 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ ಆ ಗಂಧಕದ ಉಪ್ಪು ಹಾಕಿ ಇಳಿಸುವವರ ವೈನ್ ಕಡಿಮೆ ಸಿಹಿಯಲ್ಲೂ ಕೆಡದೆ ನಿಲ್ಲುತ್ತದೆ. ಅಂಗಡಿಯಲ್ಲಿ "ಡ್ರೈ", ಅಂದರೆ ಸಿಹಿಯಿಲ್ಲದ್ದು, ಇದೆಯಾ ಎಂದು ಕೇಳಿದರೆ ಹೆಚ್ಚಿನವರು ತಲೆಯಾಡಿಸಿ ಅದೇ ದ್ರಾಕ್ಷಿ ವೈನ್ ಕೊಡುತ್ತಾರೆ. "ಸಕ್ಕರೆ ಒಂದೇ ಸಲ ಹಾಕಿದ್ದಾ, ಕಂತಿನಲ್ಲಾ" ಎಂದು ಕೇಳಿ ನೋಡಿ. ಉತ್ತರ ಬಂದರೆ ಮಾಡಿದವರ ಪರಿಚಯ ಅವರಿಗಿದೆ ಎಂದರ್ಥ.

ಹೆಸರಿನ ಹಣ್ಣು ಎಷ್ಟು ಕೆಲಸ ಮಾಡಿದೆ

ಶುಂಠಿ ವೈನ್, ವೀಳ್ಯದೆಲೆ ವೈನ್, ಮೆಣಸಿನ ವೈನ್. ಇವುಗಳಲ್ಲಿ ಹುದುಗಲು ಲಾಯಕ್ಕಾದ ಸಕ್ಕರೆ ಇಲ್ಲವೇ ಇಲ್ಲ ಎನ್ನಬಹುದು. ಹುಳಿಯೂ ಇಲ್ಲ. ಹುದುಗಿದ್ದು ಸಕ್ಕರೆ ಅಥವಾ ಬೆಲ್ಲ, ಹುಳಿ ನಿಂಬೆಯದ್ದು, ಮೈ, ಅಂದರೆ ಬಾಯಿಗೆ ಸಿಗುವ ದಪ್ಪ, ಒಣದ್ರಾಕ್ಷಿಯದ್ದು. ಶುಂಠಿ, ಎಲೆ, ಮೆಣಸು ಕೊಟ್ಟದ್ದು ಘಾಟು ಮಾತ್ರ. ಅದರಲ್ಲಿ ಮೋಸವೇನೂ ಇಲ್ಲ, ಚೆನ್ನಾಗಿ ಮಾಡಿದ ಶುಂಠಿ ವೈನ್ ಮಡಿಕೇರಿಯ ಚಳಿಗೆ ಬಲು ಹಿತ. ಆದರೆ ಅದನ್ನು ಅಳೆಯಬೇಕಾದ ರೀತಿ ಬೇರೆ. ಹಸಿಶುಂಠಿಯ ಪರಿಮಳ ಮೂಗಿಗೆ ಮೊದಲು ಬಂದು, ಖಾರ ಗಂಟಲಿಗೆ ಆಮೇಲೆ ಇಳಿಯಬೇಕು. ಖಾರ ಮಾತ್ರ ಇದ್ದು ಪರಿಮಳವೇ ಇಲ್ಲದಿದ್ದರೆ ಶುಂಠಿಯನ್ನು ಬಹಳ ಹೊತ್ತು ಕುದಿಸಿದ್ದಾರೆ.

ಅಕ್ಕಿ ವೈನ್ ಇದಕ್ಕಿಂತ ತಮಾಷೆ. ಯೀಸ್ಟ್‌ಗೆ ಅಕ್ಕಿಯ ಪಿಷ್ಟ ತಿನ್ನಲು ಬರುವುದಿಲ್ಲ. ಜಪಾನಿನಲ್ಲಾಗಲಿ ನಮ್ಮ ಈಶಾನ್ಯ ರಾಜ್ಯಗಳಲ್ಲಾಗಲಿ ಅಕ್ಕಿಯಿಂದ ಮದ್ಯ ಮಾಡುವವರು ಮೊದಲು ಒಂದು ಬಗೆಯ ಬೂಷ್ಟಿನಿಂದ ಪಿಷ್ಟವನ್ನು ಸಕ್ಕರೆಯಾಗಿ ಒಡೆಸುತ್ತಾರೆ. ಇಲ್ಲಿ ಆ ಹಂತ ಇಲ್ಲ. ಅಕ್ಕಿ, ಸಕ್ಕರೆ, ಒಣದ್ರಾಕ್ಷಿ, ಯೀಸ್ಟ್ ಕೂಡಿಸಿ ಇಡುತ್ತಾರೆ, ಆಲ್ಕೋಹಾಲ್ ಬರುವುದು ಸಕ್ಕರೆಯಿಂದ. ಅಕ್ಕಿ ಕೊಡುವುದು ಒಂದಿಷ್ಟು ನುಣುಪು, ಒಂದಿಷ್ಟು ಮಬ್ಬು. ಎಷ್ಟು ದಿನ ಇಟ್ಟರೂ ತಿಳಿಯಾಗದ ಅಕ್ಕಿ ವೈನ್ ಕಂಡರೆ ಒಂದು ಚಮಚ ಬದಿಗೆ ತೆಗೆದು ಅದಕ್ಕೆ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ಕಡುನೀಲಿಗೆ ತಿರುಗಿದರೆ ಮಬ್ಬು ಪಿಷ್ಟದ್ದು. ಆ ಚಮಚವನ್ನು ಚೆಲ್ಲಿಬಿಡಿ.

ಹಣ್ಣಿನದೇ ಕೈವಾಡ ಕಾಣುವುದು ಪ್ಯಾಶನ್ ಫ್ರೂಟ್‌ನಲ್ಲಿ. ಅದರ ರಸದ ಹುಳಿ ಶೇ. 3ಕ್ಕೂ ಮೇಲೆ. ಕುಡಿಯುವ ವೈನ್‌ಗೆ ಬೇಕಾದದ್ದು ಶೇ. 0.6 ಅಥವಾ 0.7. ಹಾಗಾಗಿ ಒಂದು ಪಾಲು ರಸಕ್ಕೆ ಮೂರರಿಂದ ನಾಲ್ಕು ಪಾಲು ನೀರು ಬೇಕೇ ಬೇಕು. ಅಷ್ಟು ನೀರು ಬೆರೆತ ಮೇಲೂ ಪರಿಮಳ ಎದ್ದು ನಿಲ್ಲುವ ಹಣ್ಣು ತೋಟದಲ್ಲಿ ಬೇರೊಂದಿಲ್ಲ. ಉಳಿದ ಸಕ್ಕರೆಯನ್ನು ಸರಿದೂಗಿಸುವಷ್ಟು ಹುಳಿ ಇರುವುದರಿಂದ ಕೊಡಗಿನ ಸಿಹಿ ವೈನ್‌ಗಳ ಪೈಕಿ ನನ್ನ ಮಟ್ಟಿಗೆ ಮೊದಲ ಸ್ಥಾನ ಇದಕ್ಕೇ. ನಂತರ ನೆಲ್ಲಿ. ಕಿತ್ತಳೆಯದ್ದು ಕಷ್ಟದ ಕೆಲಸ. ಸಿಪ್ಪೆಯ ಒಳಗಿನ ಬಿಳಿ ನಾರು, ಬೀಜ ಸೇರಿದರೆ ಕಹಿ, ಸೇರದಿದ್ದರೆ ಹುದುಗಿದ ಮೇಲೆ ಸಪ್ಪೆ. ಕೊಡಗಿನ ಕಿತ್ತಳೆಯ ಹೆಸರಿಗೆ ಮರುಳಾಗಿ ಮೊದಲ ಬಾಟಲಿ ಅದನ್ನೇ ಕೊಳ್ಳಬೇಡಿ, ರುಚಿ ನೋಡಿಯೇ ಕೊಳ್ಳಿ.

ದಾರಿ ಮತ್ತು ದಿನ

ಬೆಂಗಳೂರಿನಿಂದ ಬರುವವರಿಗೆ ಮಡಿಕೇರಿ ಸುಮಾರು 260 ಕಿಲೋಮೀಟರ್. ಹೋಗುವಾಗ ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಸುಂಟಿಕೊಪ್ಪದ ಮೇಲೆ ಮಡಿಕೇರಿ. ಬರುವಾಗ ವಿರಾಜಪೇಟೆ, ಗೋಣಿಕೊಪ್ಪಲು ಹಿಡಿದು ಹುಣಸೂರಿಗೆ ಇಳಿದರೆ ಒಂದೇ ರಸ್ತೆ ಎರಡು ಸಲ ತುಳಿಯುವುದು ತಪ್ಪುತ್ತದೆ. ಕುಶಾಲನಗರದಲ್ಲಿ ಹೆದ್ದಾರಿ ಬದಿಯ ಅಂಗಡಿಗಳು ಬಸ್ಸಿನ ಗಿರಾಕಿಗಳನ್ನು ನಂಬಿಕೊಂಡವು, ಬಾಟಲಿ ಬೇಗ ಖಾಲಿಯಾಗುತ್ತದೆ, ಹಾಗಾಗಿ ವೈನ್ ಎಳೆಯದ್ದಿರುತ್ತದೆ. ಅಲ್ಲಿ ನಿಲ್ಲದೆ ಮುಂದೆ ಹೋಗುವುದು ಮೇಲು. ಮಡಿಕೇರಿಯ ಶುಕ್ರವಾರದ ಸಂತೆಗೆ ಬರುವ ಹಾಗೆ ಒಂದು ದಿನ ಮುಂಚೆ ಹೊರಟರೆ ಆ ಋತುವಿನಲ್ಲಿ ಯಾವ ಹಣ್ಣು ನಿಜಕ್ಕೂ ಇಳಿಯುತ್ತಿದೆ ಎಂದು ಕಣ್ಣಾರೆ ನೋಡಬಹುದು. ಬಾಟಲಿಯ ಮೇಲಿನ ಮಾತನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ.

ದಾರಿಯಲ್ಲೇ ಇನ್ನೊಂದು ಕೆಲಸ ಮುಗಿಸಿಕೊಳ್ಳಿ. ಸಿಹಿಯಿಲ್ಲದ ದ್ರಾಕ್ಷಿ ವೈನ್ ಹೇಗಿರುತ್ತದೆಂದು ನಾಲಿಗೆಗೆ ಗೊತ್ತಿದ್ದರೆ ಮಾತ್ರ ಮುಂದಿನದ್ದನ್ನು ಅಳೆಯಲು ಬರುತ್ತದೆ. ಚನ್ನಪಟ್ಟಣದ ಬಳಿ ಹಳೆಯ ಮೈಸೂರು ರಸ್ತೆಯಲ್ಲಿ ಹೆರಿಟೇಜ್ ವೈನರಿ ಇದೆ. ಎಕ್ಸ್‌ಪ್ರೆಸ್‌ವೇಯಲ್ಲೇ ಹೋದರೆ ಅದು ಸಿಗುವುದಿಲ್ಲ, ಮೊದಲೇ ಇಳಿಯಬೇಕು, ಹೋಗುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಬೇಕು. ಅಷ್ಟು ಪುರುಸೊತ್ತಿಲ್ಲದಿದ್ದರೆ ಮೈಸೂರಿನ ಯಾವುದಾದರೂ ವೈನ್ ಅಂಗಡಿಯಲ್ಲಿ ಕರ್ನಾಟಕದ್ದೇ ಒಂದು ಡ್ರೈ ರೆಡ್ ಚಿಕ್ಕ ಬಾಟಲಿ ಕೊಂಡು, ರಾತ್ರಿ ಮಡಿಕೇರಿ ತಲುಪಿದ ಮೇಲೆ ಎರಡು ಗುಟುಕು ಕುಡಿದಿಟ್ಟುಕೊಳ್ಳಿ. 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ನಂತರ ರಾಜ್ಯದ ವೈನ್ ಸಿಗುವ ಜಾಗಗಳು ಹೆಚ್ಚಾಗಿವೆ, ಹುಡುಕಾಟ ಬೇಕಿಲ್ಲ.

ತಿಂಗಳು ಯಾವುದಾದರೆ ಒಳ್ಳೆಯದು? ದಸರಾ, ಕ್ರಿಸ್ಮಸ್ ಜನಜಂಗುಳಿಗೆಂದು ಹಾಕಿದ ವೈನ್ ಆಗಷ್ಟೇ ತಿಂಗಳು ತುಂಬಿದ್ದು, ಹಸಿ ಯೀಸ್ಟಿನ ವಾಸನೆ ಇನ್ನೂ ಬಿಟ್ಟಿರುವುದಿಲ್ಲ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹಿಂದಿನ ಮಳೆಗಾಲದ ಆಸುಪಾಸಿನ ನೇರಳೆ, ಪ್ಯಾಶನ್ ಫ್ರೂಟ್ ಆರು ತಿಂಗಳು ದಾಟಿ ಹದಕ್ಕೆ ಬಂದಿರುತ್ತವೆ. ನೆಲ್ಲಿ ಚಳಿಗಾಲದ ಬೆಳೆ, ಹಾಗಾಗಿ ಆಗ ಕೇಳಬೇಕಾದ್ದು ಹೋದ ವರ್ಷದ ನೆಲ್ಲಿ. ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ಎಲ್ಲದಕ್ಕೂ ಹೊಂದುವುದಿಲ್ಲ. ನೆಲ್ಲಿಯ ಒಗರು ಕಾಲ ಕಳೆದಂತೆ ಮೆದುವಾಗುತ್ತದೆ, ಅದಕ್ಕೆ ಎರಡು ವರ್ಷ ಕೊಟ್ಟರೂ ಸರಿ. ಪ್ಯಾಶನ್ ಫ್ರೂಟಿನ ಪರಿಮಳ ವರ್ಷದೊಳಗೇ ಇಳಿಯತೊಡಗುತ್ತದೆ, ಮೂರು ವರ್ಷ ಹಳೆಯದೆಂದು ಹೆಚ್ಚು ಬೆಲೆ ಹೇಳಿದರೆ ನಕ್ಕು ಮುಂದೆ ಹೋಗಿ.

ರುಚಿ ನೋಡುವ ಕ್ರಮ

ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಮುಚ್ಚಳದಲ್ಲಿ ಮೂಗು ಹಾಕಲು ಜಾಗವಿಲ್ಲ. ಒಂದು ಚಿಕ್ಕ ಗಾಜಿನ ಲೋಟ ಜೊತೆಗಿಟ್ಟುಕೊಳ್ಳಿ, ಬಾಯಿ ಒಳಬಾಗಿದ್ದರೆ ಒಳ್ಳೆಯದು. ಒಂದು ಬಿಳಿ ಕಾಗದ, ನೀರಿನ ಬಾಟಲಿ, ಉಗಿಯಲು ಒಂದು ಕಾಗದದ ಕಪ್, ನಡುವೆ ಬಾಯಿ ತೊಳೆಯಲು ಬರೀ ಅಕ್ಕಿ ಒಟ್ಟಿ (ಕೊಡಗಿನ ಅಕ್ಕಿ ರೊಟ್ಟಿ). ಖಾರದ ಬಾಳೆಕಾಯಿ ಚಿಪ್ಸ್ ತಿನ್ನುತ್ತಾ ರುಚಿ ನೋಡಲು ಹೋದರೆ ಏನೂ ತಿಳಿಯುವುದಿಲ್ಲ.

ಪ್ರತಿ ಬಗೆಗೆ 15ರಿಂದ 20 ಮಿಲಿ ಸಾಕು. ಮೊದಲು ಕಾಗದದ ಮುಂದೆ ಲೋಟ ಓರೆ ಹಿಡಿದು ಬಣ್ಣ ನೋಡಿ. ಅಂಚಿನಲ್ಲಿ ಕಂದು ಹೆಚ್ಚಾಗಿದ್ದರೆ ಗಾಳಿ ತಗುಲಿದೆ ಅಥವಾ ಸುಟ್ಟ ಸಕ್ಕರೆ ಬೆರೆಸಿದ್ದಾರೆ. ಶುಂಠಿ ವೈನ್‌ಗೆ ಸುಟ್ಟ ಸಕ್ಕರೆ ರೂಢಿಯಲ್ಲಿದೆ, ಪ್ಯಾಶನ್ ಫ್ರೂಟ್‌ಗೆ ಅದರ ಅಗತ್ಯವಿಲ್ಲ. ಆಮೇಲೆ ಮೂಗು. ಕೊನೆಗೆ ಬಾಯಿ. ಸಿಹಿ ನಾಲಿಗೆಯ ತುದಿಗೆ ಬಡಿದ ಮೇಲೆ ನುಂಗದೆ ಐದಾರು ಸೆಕೆಂಡು ತಡೆದರೆ ಕೆನ್ನೆಯ ಒಳಬದಿಯಲ್ಲಿ ನೀರೂರುತ್ತದೆ, ಅದು ಹುಳಿ. ವಸಡು ಒರಟಾದರೆ ಅದು ಒಗರು. ನೀರೂ ಊರದೆ, ವಸಡೂ ಹಿಡಿಯದೆ ಪಾಕದ ಹಾಗೆ ಜಾರಿಹೋದರೆ ಅದರಲ್ಲಿ ಹಣ್ಣು ಕಡಿಮೆ.

ಹುಳಿ ಹಣ್ಣುಗಳು ಮೊದಲು: ಪ್ಯಾಶನ್ ಫ್ರೂಟ್, ಕಿತ್ತಳೆ, ಅನಾನಸ್. ಬಳಿಕ ನೇರಳೆ, ದ್ರಾಕ್ಷಿ. ಶುಂಠಿ, ಕಾಳುಮೆಣಸು, ವೀಳ್ಯದೆಲೆ ಕೊನೆಯಲ್ಲಿ, ಗಾಂಧಾರಿ ಎಲ್ಲಕ್ಕಿಂತ ಕೊನೆಗೆ. ಅದರ ಖಾರ ಹತ್ತಿದ ಮೇಲೆ ಅರ್ಧ ಗಂಟೆ ನಾಲಿಗೆ ಏನನ್ನೂ ಹೇಳುವುದಿಲ್ಲ. ನೆಲ್ಲಿಯನ್ನು ಎಲ್ಲಿಡುವುದು ಎಂಬುದೇ ಪ್ರಶ್ನೆ. ನೆಲ್ಲಿಕಾಯಿ ತಿಂದು ನೀರು ಕುಡಿದರೆ ನೀರೇ ಸಿಹಿಯಾಗುತ್ತದಲ್ಲ, ವೈನ್‌ನಲ್ಲೂ ಅದೇ ಆಟ. ನೆಲ್ಲಿಯ ಬೆನ್ನಿಗೆ ಕುಡಿದ ಯಾವುದೇ ವೈನ್ ಇರುವುದಕ್ಕಿಂತ ಸಿಹಿ ಅನ್ನಿಸುತ್ತದೆ, ತಪ್ಪು ಲೆಕ್ಕಕ್ಕೆ ದಾರಿ. ದ್ರಾಕ್ಷಿ ಆದ ಮೇಲೆ ನೆಲ್ಲಿ, ಅದರ ಮೇಲೆ ಒಂದು ತುಂಡು ಒಟ್ಟಿ, ಹತ್ತು ನಿಮಿಷ ಬಿಡುವು, ನಂತರ ಘಾಟಿನ ವೈನ್‌ಗಳು.

ಗಾಡಿ ಓಡಿಸುವವರಿಗೆ ರುಚಿ ಇಲ್ಲ, ಇದರಲ್ಲಿ ಚೌಕಾಸಿ ಬೇಡ. ಎಂಟು ಬಗೆ, ತಲಾ 20 ಮಿಲಿ, ಶೇ. 12 ಎಂದಿಟ್ಟುಕೊಂಡರೆ ಸುಮಾರು 15 ಗ್ರಾಂ ಆಲ್ಕೋಹಾಲ್ ಒಳಗೆ ಹೋಗುತ್ತದೆ. 60 ಕೆಜಿ ತೂಕದವರು ಅದನ್ನು ಬೇಗ ಕುಡಿದು ಮುಗಿಸಿದರೆ ರಕ್ತದ 100 ಮಿಲಿಗೆ 30 ಮಿಲಿಗ್ರಾಂ ಎಂಬ ಕಾನೂನಿನ ಮಿತಿ ದಾಟಿಬಿಡಬಹುದು. ಮಡಿಕೇರಿಯಿಂದ ವಿರಾಜಪೇಟೆಗೆ ಇಳಿಯುವ ತಿರುವುಗಳಲ್ಲಿ ಮಂಜು ಬೇರೆ.

ವಾಸನೆಯಲ್ಲೇ ಸಿಕ್ಕಿಬೀಳುವ ದೋಷಗಳು

ಸಿಹಿ ನಾಲಿಗೆಯನ್ನು ಏಮಾರಿಸಬಹುದು, ಮೂಗನ್ನು ಅಲ್ಲ. ವಿನೆಗರ್ ಘಾಟು ಬಂದರೆ ಹುದುಗು ನಿಂತ ಮೇಲೂ ಭರಣಿ ಬಟ್ಟೆ ಕಟ್ಟಿಕೊಂಡೇ ಕುಳಿತಿತ್ತು, ಗಾಳಿ ಒಳಹೊಕ್ಕು ಆಲ್ಕೋಹಾಲ್ ಹುಳಿಗೆ ತಿರುಗಿದೆ. ಉಗುರು ಬಣ್ಣದ ವಾಸನೆ ಅದೇ ಕಾಯಿಲೆಯ ಇನ್ನೊಂದು ಮುಖ. ಕೊಳೆತ ಮೊಟ್ಟೆ ವಾಸನೆ ಯೀಸ್ಟ್‌ಗೆ ಪೋಷಕಾಂಶ ಸಾಲದೆ ಬಂದದ್ದು, ಶುಂಠಿ, ವೀಳ್ಯದೆಲೆಯಂಥ ಸಾರವಿಲ್ಲದ ಪಾಕದಲ್ಲಿ ಹೆಚ್ಚು. ಆ ಒಂದು ಹಿಡಿ ಗೋಧಿಗೆ ಅಷ್ಟು ಶಕ್ತಿ ಇಲ್ಲ, ಒಣದ್ರಾಕ್ಷಿ ಕೈತುಂಬ ಹಾಕಿದವರ ವೈನ್‌ನಲ್ಲಿ ಈ ತೊಂದರೆ ಕಡಿಮೆ. ಲೋಟವನ್ನು ಚೆನ್ನಾಗಿ ತಿರುಗಿಸಿ ಐದು ನಿಮಿಷ ಬಿಟ್ಟರೆ ಸ್ವಲ್ಪ ಹಾರಿಹೋಗುತ್ತದೆ. ಹಿಟ್ಟು ಹುಳಿದ ವಾಸನೆ ದೋಷಕ್ಕಿಂತ ಆತುರ: ಗಸಿಯ ಮೇಲಿಂದ ಇನ್ನೂ ಒಂದೆರಡು ಸಲ ತಿಳಿ ಬಸಿಯಬೇಕಿತ್ತು.

ಯಾವ ವಾಸನೆಯೂ ಇಲ್ಲದೆ, ಬಣ್ಣ ಮಾತ್ರ ಜೋರಾಗಿ, ಮಿಠಾಯಿಯ ಘಮ ಬಂದರೆ ಲೇಬಲ್ ತಿರುಗಿಸಿ ಓದಿ. ಸೋಡಿಯಂ ಬೆಂಜೊಯೇಟ್, ಎಸೆನ್ಸ್, ಬಣ್ಣದ ಸಂಖ್ಯೆ ಕಂಡರೆ ಅದು ಹುದುಗಿಸದ ಸ್ಕ್ವಾಷ್ ಇರುವ ಸಾಧ್ಯತೆಯೇ ಹೆಚ್ಚು. ಆಲ್ಕೋಹಾಲ್ ಇಲ್ಲ ಎಂದು ಬರೆದು ಮಾರುವ ಬಾಟಲಿಗಳಲ್ಲಿ ಇಂಥವೂ ಇರುತ್ತವೆ. ಮಕ್ಕಳ ಜೊತೆ ಬಂದವರಿಗೆ ಅದೇ ಸರಿಯಿರಬಹುದು, ವೈನ್ ಎಂದುಕೊಂಡು ಕೊಳ್ಳದಿದ್ದರೆ ಆಯಿತು.

ಊಟದ ಜೊತೆ

ಪಂದಿ ಕರಿಗೆ (ಹಂದಿ ಮಾಂಸದ ಸಾರು) ಕಾಚಂಪುಳಿ ಬಿದ್ದಿರುತ್ತದೆ, ಹುರಿದ ಮೆಣಸು ಮಸಾಲೆ ಕಪ್ಪಾಗಿ ಹತ್ತಿರುತ್ತದೆ. ಊಟದ ಹುಳಿ ವೈನ್‌ನ ಹುಳಿಗಿಂತ ಹೆಚ್ಚಾದರೆ ವೈನ್ ಸಪ್ಪೆ ಪಾಕವಾಗಿಬಿಡುತ್ತದೆ. ಆದ್ದರಿಂದ ಪಂದಿ ಕರಿ, ಕಡಂಬುಟ್ಟಿನ (ಆವಿಯಲ್ಲಿ ಬೇಯಿಸಿದ ಅಕ್ಕಿ ಉಂಡೆ) ಜೊತೆ ದ್ರಾಕ್ಷಿ ವೈನ್ ಸೋಲುತ್ತದೆ, ಚೆನ್ನಾಗಿ ತಂಪು ಮಾಡಿದ ಪ್ಯಾಶನ್ ಫ್ರೂಟ್ ನಿಲ್ಲುತ್ತದೆ. 10ರಿಂದ 12 ಡಿಗ್ರಿ ತಂಪಿನಲ್ಲಿ ಸಿಹಿಯೂ ತಗ್ಗಿ ಕಾಣುತ್ತದೆ. ನೂಲ್‌ಪುಟ್ಟು (ಅಕ್ಕಿ ಶಾವಿಗೆ), ಕೋಳಿ ಸಾರಿಗೆ ನೆಲ್ಲಿ. ಹುರಿದ ಹಂದಿ ಮಾಂಸಕ್ಕೆ ಶುಂಠಿ, ಕೊಬ್ಬನ್ನು ಕತ್ತರಿಸುತ್ತದೆ. ವೀಳ್ಯದೆಲೆಯದ್ದು ಊಟ ಮುಗಿದ ಮೇಲೆ, ಎಲೆ ಹಾಕಿಕೊಳ್ಳುವ ಹೊತ್ತಿಗೆ. ಬೈಂಬಳೆ ಕರಿಗೆ ಇವ್ಯಾವುದೂ ಹೊಂದುವುದಿಲ್ಲ, ಕಳಲೆಯ ವಾಸನೆ ಎಲ್ಲವನ್ನೂ ನುಂಗುತ್ತದೆ, ಅದಕ್ಕೆ ನೀರೇ ಸರಿ.

ಕೊಳ್ಳುವಾಗ, ಒಯ್ಯುವಾಗ

ಪರವಾನಗಿ ಇಲ್ಲದೆ ಮದ್ಯ ತಯಾರಿಸಿ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ, ಮನೆಯದ್ದೆಂದು ವಿನಾಯಿತಿ ಇಲ್ಲ. ಆದ್ದರಿಂದ ಕೊಳ್ಳುವ ಬಾಟಲಿಯ ಮೇಲೆ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಆಲ್ಕೋಹಾಲ್ ಪ್ರಮಾಣ, ಬ್ಯಾಚ್ ಇದೆಯೇ ನೋಡಿ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮದ್ಯಪಾನೀಯ ನಿಯಮಗಳ ಪ್ರಕಾರ 2019ರ ಏಪ್ರಿಲ್‌ನಿಂದ ಆರೋಗ್ಯದ ಎಚ್ಚರಿಕೆಯ ಸಾಲೂ ಇರಬೇಕು. 21 ತುಂಬದವರಿಗೆ ಮಾರುವಂತಿಲ್ಲ. ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಕೊಟ್ಟದ್ದು ಕಾನೂನಿನ ಮಾತು ಬಿಟ್ಟರೂ ಬೇಡ. ತೆಳು ಪ್ಲಾಸ್ಟಿಕ್ ಗಾಳಿಯನ್ನು ಒಳಬಿಡುತ್ತದೆ, ವೈನ್ ಬೇಗ ಕಂದು ತಿರುಗುತ್ತದೆ.

ಗಾಜಿನ ಬಾಟಲಿಯನ್ನು ಬೆಳಕಿಗೆ ಹಿಡಿದು ತಲೆಕೆಳಗು ಮಾಡಿ ನಿಧಾನಕ್ಕೆ ಎತ್ತಿ. ತಳದಿಂದ ಬೂದು ಬಿಳುಪಿನ ಪುಡಿ ಹೊಗೆಯಂತೆ ಎದ್ದರೆ ಯೀಸ್ಟ್ ಇನ್ನೂ ಅಲ್ಲೇ ಇದೆ. ಕೊರಳಿನ ಸುತ್ತ ಸಣ್ಣ ಗುಳ್ಳೆಯ ಉಂಗುರ ಕಂಡರೆ ಅದು ಕೆಲಸವನ್ನೂ ಮಾಡುತ್ತಿದೆ. ಸಕ್ಕರೆ ಬೇಕಾದಷ್ಟಿದೆ, ಯೀಸ್ಟ್ ಜೀವಂತ ಇದೆ, ಇನ್ನು ಬೇಕಾದ್ದು ಶಾಖ ಮಾತ್ರ. 1,150 ಮೀಟರ್ ಎತ್ತರದ ಮಡಿಕೇರಿಯ ತಂಪಿನಲ್ಲಿ ನಿದ್ದೆ ಹೋಗಿದ್ದ ಯೀಸ್ಟ್, ಮೈಸೂರಿನ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯೊಳಗೆ ಎದ್ದು ಕೂರುತ್ತದೆ. ಬಿರಡೆ ಹಾರಿದರೆ ಬಟ್ಟೆಬರೆ ಹಾಳು, ಬಿಗಿ ತಿರುಗಣೆ ಮುಚ್ಚಳವಾದರೆ ಬಾಟಲಿಯೇ ಸಿಡಿಯಬಹುದು. ಅಂಥ ಬಾಟಲಿ ಕೊಳ್ಳದಿರುವುದೇ ಸರಿ. ಕೊಂಡಾಗಿದ್ದರೆ ಆ ರಾತ್ರಿಯೇ ಕುಡಿದು ಮುಗಿಸಿ. ಉಳಿದವನ್ನು ನೇರ ನಿಲ್ಲಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಸೀಟಿನ ಕೆಳಗೆ ನೆರಳಲ್ಲಿಡಿ. ಮನೆ ತಲುಪಿದ ಮೇಲೆ ಒಂದು ವಾರ ಫ್ರಿಜ್‌ನಲ್ಲಿ ನಿಂತರೆ ಗಸಿ ತಳ ಸೇರುತ್ತದೆ, ಮೇಲಿನ ತಿಳಿಯನ್ನು ಅಲುಗಾಡಿಸದೆ ಬಸಿದುಕೊಳ್ಳಬಹುದು. ತೆರೆದ ಬಾಟಲಿ ಫ್ರಿಜ್‌ನಲ್ಲಿ ಎರಡು ಮೂರು ವಾರ ತಡೆಯುತ್ತದೆ.

ಮಾಕುಟ್ಟದ ಮೇಲೆ ಕಣ್ಣೂರಿಗೋ ಕುಟ್ಟದ ಮೇಲೆ ವಯನಾಡಿಗೋ ಹೋಗುವವರು ಬಾಟಲಿ ಕೊಳ್ಳುವ ಮೊದಲೇ ಯೋಚಿಸಿ. ಗಡಿ ದಾಟಿದ ಮೇಲೆ ಕೇರಳದ ಅಬಕಾರಿ ನಿಯಮ, ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸುತ್ತಾರೆ. ಲೇಬಲ್ ಮತ್ತು ಬಿಲ್ ಎರಡೂ ಇಲ್ಲದ ಬಾಟಲಿಗೆ ಅಲ್ಲಿ ಕೊಡಲು ಯಾವ ಉತ್ತರವೂ ನಿಮ್ಮ ಬಳಿ ಇರುವುದಿಲ್ಲ.